ಅಪ್‌ಡೇಟ್: ಹಿತ್ತಲ ಕೊಳದ ನೀರು ಸೋರುತ್ತಿದ್ದದ್ದು ಎಲ್ಲಿಂದ?

ದಿನಕ್ಕೆ 2 ಇಂಚು ನೀರು ಇಳಿಯುತ್ತಿದೆ, ಕೊಳದ ಲೈನರ್ (ನೀರು ಇಂಗದಂತೆ ಹಾಸುವ ಹಾಳೆ) ತೂತಾಗಿದೆಯೇ ಎಂದು ಕೇಳಿದ್ದೆ. ತೂತಲ್ಲ. ಪಂಪ್ ಆಫ್ ಮಾಡಿ 24 ಗಂಟೆ ಬಿಟ್ಟರೆ ಮಟ್ಟ ಹೆಚ್ಚೇನೂ ಇಳಿಯಲಿಲ್ಲ. ಅಂದರೆ ಸೋರಿಕೆ, ಪಂಪ್ ನೀರೆತ್ತಿ ಕೊಳಕ್ಕೆ ಹರಿಸುವ ಮೇಲಿನ ತೊರೆಯಲ್ಲಿ.

ಎರಡು ಕಡೆ ಸಿಕ್ಕಿತು. ತೊರೆಯ ತಿರುವಿನಲ್ಲಿ ಲೈನರ್ ಅಂಚು ಕುಸಿದು, ಅದರ ಮೇಲೆ ಬೆಳೆದ ಪಾಚಿ ಬತ್ತಿಯ ಹಾಗೆ ನೀರು ಹೀರಿ ಹೊರಗಿನ ಮಣ್ಣಿಗೆ ದಾಟಿಸುತ್ತಿತ್ತು. ಪಾಚಿ ಕಿತ್ತು, ಅಂಚಿನಡಿ ಮಣ್ಣು ದಮ್ಮಸು ಮಾಡಿ, ನೀರಿನ ಮಟ್ಟಕ್ಕಿಂತ 4 ಇಂಚು ಎತ್ತರಿಸಿದೆ.

ಇನ್ನೊಂದು, ನೀರು ಧುಮುಕುವ ಕಡಪ ಕಲ್ಲು. ಅದರ ಮೂತಿ ಹಿಂದಕ್ಕೆ ವಾಲಿದ್ದರಿಂದ ನೀರು ಕಲ್ಲಿನ ತಳಕ್ಕೆ ಅಂಟಿಕೊಂಡು ಹಿಂದೆ ಹೋಗುತ್ತಿತ್ತು. ಈಗ ಕಲ್ಲು 2 ಇಂಚು ಮುಂಚಾಚಿ ತುಸು ಮುಂದಕ್ಕೆ ಬಾಗಿದೆ. ತಳದಲ್ಲಿ, ಅಂಚಿನಿಂದ ಅರ್ಧ ಇಂಚು ಒಳಗೆ, ಗ್ರೈಂಡರ್‌ನಿಂದ ಅಡ್ಡ ಗೀರು ಹಾಕಿದ್ದೇನೆ. ನೀರು ಅಲ್ಲೇ ಕಳಚಿ ಬೀಳುತ್ತದೆ. ಕಲ್ಲಿನ ಸಂದಿಗೆ ಉಬ್ಬಿ ತುಂಬಿಕೊಳ್ಳುವ ಕಪ್ಪು ಫೋಮ್. ಸಿಮೆಂಟ್ ಬೇಡ, ಲೈನರ್‌ಗೆ ಹಿಡಿಯುವುದಿಲ್ಲ, ಬಿರುಕು ಬಿಡುತ್ತದೆ.

ಪಂಪ್ ಲೆಕ್ಕ: 1 ಅಡಿ ಅಗಲದ ತುಂಬು ಧಾರೆಗೆ ಗಂಟೆಗೆ ಸುಮಾರು 5,000 ಲೀಟರ್ ಬೇಕು, ಅದೂ ಎತ್ತರಕ್ಕೆ ಏರಿಸಿದ ಮೇಲೆ. ಪಂಪ್ ಡಬ್ಬದ ಮೇಲಿನ ಅಂಕಿ ಶೂನ್ಯ ಎತ್ತರದ್ದು, ಮೇಲೇರಿಸಿದಷ್ಟೂ ಹರಿವು ಕಡಿಮೆಯಾಗುತ್ತದೆ.