ಹಿತ್ತಲಿನ ಹಳೇ ಮಾವಿನ ಮರ: ಮಳೆಗಾಲಕ್ಕೆ ಮುಂಚೆ ತಲೆ ಕಡಿಸ್ಬೇಕಾ?

ಗೋಪಾಳದ ಹಿತ್ತಲು:
ಎಲ್ಲರಿಗೂ ನಮಸ್ಕಾರ. ನಮ್ಮನೆ ಶಿವಮೊಗ್ಗದ ಗೋಪಾಳದಲ್ಲಿ. ಹಿತ್ತಲಲ್ಲಿ ಒಂದು ಮಾವಿನ ಮರ ಇದೆ, ಅಪ್ಪ ಮನೆ ಕಟ್ಟೋಕೂ ಮುಂಚೆ ಹೊಸನಗರದ ಕಡೆಯಿಂದ ಸಸಿ ತಂದು ನೆಟ್ಟಿದ್ದು, ನಲವತ್ತು ವರ್ಷ ದಾಟಿದೆ, ನಾನೊಬ್ಬಳೇ ತಬ್ಬಿದ್ರೆ ಅರ್ಧ ಬುಡನೂ ಸಿಗಲ್ಲ. ಮಿಡಿ ಜೀರಿಗೆ ಪರಿಮಳದ್ದು, ತೊಟ್ಟು ಮುರಿದ್ರೆ ಸೊನೆ ಘಮ್ ಅನ್ನುತ್ತೆ, ನಮ್ಮ ಮನೆ ಮತ್ತೆ ಅಕ್ಕಂದಿರ ಮನೆ ಉಪ್ಪಿನಕಾಯಿ ಎಲ್ಲಾ ಇದರದ್ದೇ. ಅಪ್ಪ ಈಗಿಲ್ಲ.

ಕಳೆದ ವಾರ ಅಡ್ಡಮಳೆ ಬಂತಲ್ಲ, ಆ ಗಾಳಿಗೆ ತೊಡೆ ದಪ್ಪದ ಕೊಂಬೆ ಮುರಿದು ಪಕ್ಕದ ಮನೆ ಶೀಟಿನ ಮೇಲೆ ಬಿತ್ತು. ದೇವರ ದಯೆ, ಕೆಳಗೆ ಯಾರೂ ಇರ್ಲಿಲ್ಲ. ಶೀಟು ಹಾಕಿಸಿಕೊಟ್ವಿ, ಆದ್ರೆ ಅವರಿಗೆ ಚಿಕ್ಕ ಮಗು ಇದೆ, ಅವರು ಹೆದರೋದು ನ್ಯಾಯನೇ. ಮರ ಕಡಿಯೋರನ್ನ ಕರೆಸಿದ್ರೆ "ಮೇಲಿನ ಅರ್ಧ ಹಾರಿಸಿಬಿಡ್ತೀವಿ ಮೇಡಂ, ಮತ್ತೆ ಚಿಗುರುತ್ತೆ, ಹತ್ತು ವರ್ಷ ತಲೆಬಿಸಿ ಇಲ್ಲ" ಅಂತಾರೆ. ಮೃಗಶಿರ ಹಿಡಿಯೋದ್ರೊಳಗೆ ಏನಾದ್ರೂ ಮಾಡ್ಬೇಕು. ಇನ್ನೊಂದು ವಿಷಯ, ಹೋದ ವರ್ಷ ಹಿತ್ತಲು ಕೆಸರಾಗುತ್ತೆ ಅಂತ ಬುಡದ ತನಕ ಇಂಟರ್‌ಲಾಕ್ ಹಾಕಿಸಿದ್ವಿ. ಈಗ ಬುಡದಲ್ಲಿ ಮರದ ಹೊಟ್ಟಿನ ಥರ ಪುಡಿ ಬೀಳ್ತಾ ಇದೆ. ತಲೆ ಕಡಿಸೋದು ಸರಿನಾ? ಗೊತ್ತಿರೋರು ದಯವಿಟ್ಟು ಹೇಳಿ.

ತೀರ್ಥಹಳ್ಳಿ ತೋಟ:
ಅಕ್ಕ, ತಲೆ ಮಾತ್ರ ಕಡಿಸ್ಬೇಡಿ. ನಾನು ಅನುಭವಿಸಿ ಹೇಳ್ತಿದೀನಿ. ನಮ್ಮ ಅಂಗಳದ ತುದಿಲಿ ಅಜ್ಜನ ಕಾಲದ ಹಲಸು ಇತ್ತು, ಹೀಗೇ ಗಾಳಿಗೆ ಹೆದರಿ ಮೇಲಿಂದ ಸಾಪಾಟು ಸವರಿಸಿದ್ವಿ. ಒಂದೇ ವರ್ಷದಲ್ಲಿ ಪೊರಕೆ ಥರ ಚಿಗುರು ಬಂತು, ನೋಡಿ ಖುಷಿಪಟ್ವಿ. ಆದ್ರೆ ಆ ಚಿಗುರು ಮರದ ಒಳಗಿಂದ ಬಂದ ಕೊಂಬೆ ಅಲ್ಲ ಮಾರಾಯ್ರೆ, ತೊಗಟೆ ಅಡಿಯಿಂದ ಹುಟ್ಟಿದ್ದು, ಹಿಡಿತ ಎಲ್ಲಾ ಮೇಲ್ಮೇಲೆ. ಅತ್ತ ಕಡಿದ ಮೋಟಿನಲ್ಲಿ ಮಳೆ ನೀರು ನಿಂತು ಒಳಗಿಂದ ಕೊಳೀತಾ ಹೋಯ್ತು. ಆರನೇ ವರ್ಷ ಆರಿದ್ರಾ ಮಳೆಲಿ ಆ ಚಿಗುರೇ ತೋಳು ದಪ್ಪ ಆಗಿದ್ದು ಬುಡ ಸಮೇತ ಕಿತ್ಕೊಂಡು ಕೊಟ್ಟಿಗೆ ಮೇಲೆ ಬಿತ್ತು. ಹೆಂಚು ಹೋಯ್ತು, ಕರು ಕಾಲು ಮುರೀತು. ಆ ಹಲಸನ್ನ ಹಾಗೇ ಬಿಟ್ಟಿದ್ರೆ ಇವತ್ತಿಗೂ ಇರ್ತಿತ್ತು ಅಂತ ನನಗೆ ಈಗಲೂ ಅನ್ಸುತ್ತೆ.

ಮೊದಲು ಬಿದ್ದ ಕೊಂಬೆ ಮುರಿದ ಜಾಗ ನೋಡಿ. ಬಿಳಿ ಗಟ್ಟಿ ಮರ ಸೀಳಿದ್ರೆ ಅದು ಬರೀ ಗಾಳಿ ಕೆಲಸ, ಉಳಿದ ಮರಕ್ಕೆ ಹೆದರಬೇಕಿಲ್ಲ. ಕಪ್ಪಗೆ ಮೆತ್ತಗೆ ಇದ್ರೆ ಕೊಳೆ ಎಲ್ಲಿವರೆಗೆ ಹೋಗಿದೆ ಹುಡುಕಬೇಕು. ಇನ್ನು ಎರಡು ಕೊಂಬೆ ಇಕ್ಕಟ್ಟಾಗಿ ವಿ ಆಕಾರದಲ್ಲಿ ಕೂಡಿರೋ ಕವೆ ಇದ್ರೆ ಅಲ್ಲಿ ಕಣ್ಣಿಡಿ, ಮಧ್ಯ ತೊಗಟೆ ಸಿಕ್ಕಾಕೊಂಡಿರುತ್ತೆ, ಒಂದಕ್ಕೊಂದು ಬೆಸೆದಿರಲ್ಲ.

ಆಮೇಲೆ ಬುಡ. ಎಲ್ಲಾರೂ ಮೇಲೆ ನೋಡ್ತಾರೆ, ಮರ ಬೀಳೋದು ಬುಡದಿಂದ. ತಾಯಿಬೇರು ಆಳಕ್ಕೆ ಹೋಗಿರುತ್ತೆ ಅಂದ್ಕೋತೀವಿ, ಆದ್ರೆ ಇಷ್ಟು ವಯಸ್ಸಿನ ಮರದ ಬೇರು ಬಹುಪಾಲು ಮೇಲಿನ ಎರಡಡಿ ಮಣ್ಣಲ್ಲೇ ಇರುತ್ತೆ, ಅಗಲ ಮಾತ್ರ ಕೊಂಬೆ ಚಾಚಿದ್ದಕ್ಕಿಂತ ಆಚೆಗೂ ಹೋಗಿರುತ್ತೆ. ಇಂಟರ್‌ಲಾಕ್ ಹಾಕೋವಾಗ ಅರ್ಧ ಮುಕ್ಕಾಲು ಅಡಿ ಅಗೆದು ಜಲ್ಲಿಪುಡಿ ತುಂಬಿ ಧಮ್ಮಸ್ ಮಾಡಿರ್ತಾರೆ, ಅಂದ್ರೆ ಬೇರು ಕಡಿದಿರ್ತಾರೆ, ಉಳಿದ ಬೇರಿಗೆ ಗಾಳಿನೂ ಹೋಗಲ್ಲ ನೀರೂ ಹೋಗಲ್ಲ. ಮರದ ಒಂದು ಕಡೆ ಮಣ್ಣು ಬಿರುಕು ಬಿಟ್ಟಿದ್ಯಾ, ಉಬ್ಬಿದ್ಯಾ, ಮರ ಹೊಸದಾಗಿ ವಾಲಿದ್ಯಾ ನೋಡಿ. ಮೊದಲಿಂದ ವಾಲಿಕೊಂಡೇ ಬೆಳೆದ ಮರಕ್ಕೆ ಹೆದರೋದು ಬೇಡ, ಈ ವರ್ಷ ವಾಲಿದ್ರೆ ಒಂದಿನವೂ ತಡ ಮಾಡ್ಬೇಡಿ. ಬುಡದಲ್ಲಿ ಮರದ ಹಲಗೆ ಥರ ಗಟ್ಟಿ ಅಣಬೆ ಎದ್ದಿದ್ರೂ ಅಷ್ಟೇ.

ಸಾಗರದ ಕೃಷಿಕ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಕೊಯ್ಯೋ ವಿಚಾರ ನಾನು ಸೇರಿಸ್ತೀನಿ.

ಒಣಗಿದ ಕೊಂಬೆ, ಮುರಿದು ನೇತಾಡೋದು, ಪಕ್ಕದ ಮನೆ ಮೇಲೆ ಉದ್ದಕ್ಕೆ ಚಾಚಿರೋದು ಇವನ್ನ ಮಾತ್ರ ತೆಗೆಸಿ. ಹಸಿ ಕೊಂಬೆ ಒಂದೇ ಸಲಕ್ಕೆ ಒಟ್ಟು ಹರವಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಬೇಡ, ಹಳೇ ಮರ ಆದ್ರಿಂದ ಇನ್ನೂ ಕಡಿಮೆ ಆದ್ರೆ ಒಳ್ಳೇದು. ಕೊಂಬೆ ಕಾಂಡಕ್ಕೆ ಸೇರೋ ಕಡೆ ಬಳೆ ತೊಡಿಸಿದ ಹಾಗೆ ಒಂದು ಉಬ್ಬು ಇರುತ್ತಲ್ಲ, ಅದನ್ನ ಮುಟ್ಟೋಕೆ ಬಿಡ್ಬೇಡಿ, ಗಾಯ ಮುಚ್ಚೋದು ಅಲ್ಲಿಂದಲೇ. ಹಾಗಂತ ಗೂಟದ ಹಾಗೆ ಒಂದಡಿ ಮೋಟು ಬಿಟ್ರೂ ಕೊಳೆಯುತ್ತೆ. ದಪ್ಪ ಕೊಂಬೆ ಆದ್ರೆ ಮೊದಲು ಕಾಂಡದಿಂದ ಒಂದೂವರೆ ಅಡಿ ಆಚೆ ಕೆಳಗಿಂದ ಮೇಲಕ್ಕೆ ಕಾಲು ಭಾಗ ಗರಗಸ ಹಾಕ್ಬೇಕು, ಅದಕ್ಕಿಂತ ಎರಡು ಮೂರಿಂಚು ಆಚೆ ಮೇಲಿಂದ ಕೊಯ್ಬೇಕು, ಆಗ ಕೊಂಬೆ ಬೀಳೋವಾಗ ಕಾಂಡದ ಸಿಪ್ಪೆ ಸುಲ್ಕೊಂಡು ಹೋಗಲ್ಲ, ಕೊನೆಗೆ ಉಳಿದ ಮೋಟನ್ನ ಆ ಉಬ್ಬಿನ ಹೊರಗೆ ನಿಧಾನಕ್ಕೆ ತೆಗೆಯೋದು. ಮಿಷನ್ ಹಿಡಿದೋರು ಇದನ್ನ ಅವಸರದಲ್ಲಿ ಬಿಟ್ಟುಬಿಡ್ತಾರೆ, ಹತ್ರ ನಿಂತು ಮಾಡಿಸಿ.

ಟೈಮು ಅಂದ್ರೆ, ಒಣಗಿದ್ದು ಅಪಾಯ ಇರೋದು ಯಾವಾಗ ಬೇಕಾದ್ರೂ. ಹಸಿ ಕೊಂಬೆ ಸಾಮಾನ್ಯವಾಗಿ ಕಾಯಿ ಕೊಯ್ದ ಮೇಲೆ ಅಂತಾರೆ, ಆದ್ರೆ ನಮ್ಮಲ್ಲಿ ಆಗ ಜಡಿಮಳೆ, ಗಾಯ ಆರೋದೇ ಇಲ್ಲ. ಮಳೆ ನಿಂತ ಮೇಲೆ ಮಾಡಿದ್ರೆ ಮುಂದಿನ ವರ್ಷದ ಹೂವು ಕಡಿಮೆ ಆಗಬಹುದು. ನನ್ನ ಕೇಳಿದ್ರೆ ಒಂದು ವರ್ಷ ಮಿಡಿ ಕಮ್ಮಿ ಆದ್ರೂ ಪರವಾಗಿಲ್ಲ, ಮರ ಉಳೀಲಿ. ಈಗ ತೀರಾ ಅಗತ್ಯ ಇರೋದಷ್ಟೇ ತೆಗೆಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಅಡಿಕೆ ಕೊಳೆಗೆ ಹೊಡೆಯೋಕೆ ಮೈಲುತುತ್ತ 1 ಕೆಜಿ ಸುಣ್ಣ 1 ಕೆಜಿ 100 ಲೀಟರ್ ನೀರಿಗೆ ಹಾಕ್ತೀವಲ್ಲ, ಮುಲಾಮಿಗೆ ಅದೇ ಅಳತೆ 10 ಲೀಟರಿಗೆ. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಬಕೆಟ್ ತಗೊಳ್ಳಿ.

ನವುಲೆ ಕಡೆಯವಳು:
ಮೇಡಂ, ಬೋರ್ಡೋ ಬಗ್ಗೆ ನನಗೆ ಸ್ವಲ್ಪ ಬೇರೆ ಅಭಿಪ್ರಾಯ. ಅಮೆರಿಕದ ಅಲೆಕ್ಸ್ ಶಿಗೊ ಅನ್ನೋರು ಸಾವಿರಾರು ಮರ ಸೀಳಿ ನೋಡಿ ತೋರಿಸಿದ್ದು ಏನಂದ್ರೆ, ಮರ ನಮ್ಮ ಚರ್ಮದ ಹಾಗೆ ಗಾಯ ಮಾಯಿಸ್ಕೊಳ್ಳಲ್ಲ, ಕೆಟ್ಟ ಭಾಗದ ಸುತ್ತ ಒಳಗೇ ಗೋಡೆ ಕಟ್ಟಿ ಬೇರೆ ಮಾಡಿಡುತ್ತೆ. ಕೊಯ್ದಿದ್ದು ಸರಿ ಇದ್ರೆ ಮೇಲೆ ಹಚ್ಚೋದು ಬೇಕೇ ಅಂತಿಲ್ಲ. ಮಲೆನಾಡಿನ ಮಳೆಗೆ ಬೋರ್ಡೋ ಹಚ್ಚಿದ್ರೆ ತಪ್ಪಿಲ್ಲ, ಪೇಂಟು, ಟಾರು, ಸಿಮೆಂಟು ಮಾತ್ರ ಬೇಡವೇ ಬೇಡ, ನೀರು ಒಳಗೇ ಉಳಿಯುತ್ತೆ.

ಹೊಟ್ಟಿನ ಥರ ಪುಡಿ ಅಂದ್ರಲ್ಲ, ಅದು ಕಾಂಡ ಕೊರೆಯೋ ಹುಳ ಇರಬಹುದು, ಹಳೇ ಮಾವಿಗೆ ಜಾಸ್ತಿ. ಪುಡಿ ಬೀಳೋ ಜಾಗದಿಂದ ಮೇಲಕ್ಕೆ ತೂತು ಹುಡುಕಿ, ಕೊಕ್ಕೆ ಮಾಡಿದ ಸಣ್ಣ ತಂತಿ ಹಾಕಿದ್ರೆ ಬಿಳಿ ದಪ್ಪ ಹುಳ ಹೊರಗೆ ಬರುತ್ತೆ. ಜಾಸ್ತಿ ತೂತು ಇದ್ರೆ ತೋಟಗಾರಿಕೆ ಇಲಾಖೆಯವರನ್ನ ಕರ್ಕೊಂಡು ಬಂದು ತೋರಿಸಿ. ಮೇಲೆ ಬಂದಳಿಕೆ ಇದ್ರೆ ಅದನ್ನೂ ಈಗಲೇ ತೆಗೆಸಿ, ಅದು ಹಿಡಿದ ಕೊಂಬೆ ತುದಿ ಒಣಗಿ ಗಾಳಿಗೆ ಮುರಿಯುತ್ತೆ.

ಇನ್ನೊಂದು, ದೊಡ್ಡದಾಗಿ ಕಡಿಸೋಕೂ ಮುಂಚೆ ಅರಣ್ಯ ಇಲಾಖೆಲಿ ವಿಚಾರಿಸಿ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ನಮ್ಮ ಜಾಗದಲ್ಲೇ ಇದ್ರೂ ಮರ ಕಡಿಯೋಕೆ ಟ್ರೀ ಆಫೀಸರ್ ಅನುಮತಿ ಕೇಳಬೇಕಾಗುತ್ತೆ. ಕರೆಂಟ್ ಲೈನ್ ಹತ್ರ ಕೊಂಬೆ ಇದ್ರೆ ಯಾರನ್ನೂ ಹತ್ತಿಸ್ಬೇಡಿ, 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿದ ಮೇಲೇ ಕೆಲಸ.

ಗೋಪಾಳದ ಹಿತ್ತಲು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ನೋಡ್ದೆ. ಮುರಿದ ಜಾಗ ಅರ್ಧ ಬಿಳಿ, ಒಳಗೆ ಅಂಗೈ ಅಗಲ ಕಪ್ಪು, ಕವೆನೇ ಸೀಳಿದ್ದು. ಮಣ್ಣಲ್ಲಿ ಬಿರುಕಿಲ್ಲ, ಅಣಬೆ ಇಲ್ಲ. ತಂತಿ ಹಾಕಿದ್ರೆ ಎರಡು ಹುಳ ಬಂತು, ಕಿರುಬೆರಳು ಉದ್ದ.

ಮಗ ಬುಡದ ಹತ್ರ ನಾಲ್ಕು ಸಾಲು ಇಂಟರ್‌ಲಾಕ್ ಎಬ್ಬಿಸಿದ. ಅಡಿಲಿ ಜಲ್ಲಿಪುಡಿ ಕಲ್ಲಿನ ಹಾಗೆ ಕೂತಿದೆ, ಪಿಕಾಸಿಗೂ ಜಗ್ಗಲ್ಲ. ಅದರ ಕೆಳಗೆ ನನ್ನ ಮಣಿಕಟ್ಟು ದಪ್ಪದ ಬೇರು, ಪಿಕಾಸಿಲಿ ಕಡಿದ ಗುರುತು ಹಾಗೇ ಇದೆ. ನಾವೇ ದುಡ್ಡು ಕೊಟ್ಟು ಮಾಡಿಸಿದ್ದು, ನೋಡಿ ಸಂಕಟ ಆಯ್ತು. ಎಷ್ಟು ದೂರ ತೆಗೆಸ್ಬೇಕು? ಬರೀ ಮಣ್ಣು ಹಾಕಿದ್ರೆ ಸಾಕಾ?

ತೀರ್ಥಹಳ್ಳಿ ತೋಟ:
ಎಷ್ಟು ಆಗುತ್ತೋ ಅಷ್ಟು ಅಕ್ಕ, ಕಮ್ಮಿ ಅಂದ್ರೂ ಸುತ್ತ ಆರೇಳಡಿ. ಪಿಕಾಸಿ ನಿಲ್ಲಿಸಿ, ಕೈಯಲ್ಲೇ ಕೆರೆದು ತೆಗೀರಿ, ಬೇರಿಗೆ ಮತ್ತೆ ಗಾಯ ಆಗಬಾರದು. ಹಳೇ ಮಣ್ಣಿನ ಮಟ್ಟಕ್ಕಿಂತ ಮೇಲೆ ಮಣ್ಣು ಏರಿಸ್ಬೇಡಿ, ಬೇರು ಕಾಂಡದಿಂದ ಕಾಲು ಚಾಚೋ ಜಾಗ ಕಣ್ಣಿಗೆ ಕಾಣ್ತಿರಬೇಕು. ಮೇಲೆ ಮೂರು ನಾಲ್ಕಿಂಚು ದರಗು, ಅಂದ್ರೆ ಒಣಗಿ ಉದುರಿದ ಎಲೆ, ಹರಡಿ, ಅದೇ ಮರದ್ದಾದ್ರೆ ಇನ್ನೂ ಒಳ್ಳೇದು, ಕಾಂಡಕ್ಕೆ ಮಾತ್ರ ತಾಗದ ಹಾಗೆ ಒಂದು ಗೇಣು ಬಿಡಿ. ಬಚ್ಚಲು ನೀರು ಆ ಕಡೆ ಹೋಗ್ತಿದ್ರೆ ತಿರುಗಿಸಿ. ಆ ಕವೆ ಜಾಗದ ಇನ್ನೊಂದು ಕೊಂಬೆ ಪಕ್ಕದ ಮನೆ ಕಡೆಗೇ ಇದ್ಯಾ? ಇದ್ರೆ ಅದರ ತುದಿ ಭಾರ ಮಳೆಗೆ ಮುಂಚೆ ಇಳಿಸಲೇಬೇಕು. ಫೋಟೋ ಹಾಕಿ, ಎಲ್ಲಿ ಕೊಯ್ಬೇಕು ಅಂತ ಗೆರೆ ಹಾಕಿ ಕಳಿಸ್ತೀನಿ.