ಅಪ್‌ಡೇಟ್: ಆ ಹಳೆಯ ಜರ್ಮನ್ ಕಾರು ಬಿಟ್ಟೆ

ಹೋದ ತಿಂಗಳು ಇಲ್ಲಿ ಕೇಳಿದ್ದೆ: 2012ರ ಜರ್ಮನ್ ಡೀಸೆಲ್ ಸೆಡಾನ್, ಏರ್ ಸಸ್ಪೆನ್ಶನ್ (ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಕಾರು ನಿಲ್ಲೋದು) ಇರೋದು, 7 ಲಕ್ಷಕ್ಕೆ ಸಿಗುತ್ತಿದೆ, ತೆಗೆದುಕೊಳ್ಳಲಾ ಅಂತ. "ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಹೋಗಿ ನೋಡಿ" ಎಂದು ಒಬ್ಬರು ಹೇಳಿದ್ದರು. ಅವರಿಗೆ ಕೈಮುಗಿಯುತ್ತೇನೆ.

ಬೆಳಿಗ್ಗೆ ಆರಕ್ಕೇ ಬೆಳಗಾವಿಯ ಟಿಳಕವಾಡಿಯಲ್ಲಿರುವ ಮಾಲೀಕರ ಮನೆಗೆ ಹೋದೆ. ಮುಂದಿನ ಎಡ ಚಕ್ರದ ಮೇಲೆ ಕಾರು ಕುಸಿದು ಕೂತಿತ್ತು. ಟೈರಿಗೂ ಅದರ ಮೇಲಿನ ಬಾಡಿಗೂ ನಡುವೆ ಎರಡು ಬೆರಳೂ ಹೋಗಲಿಲ್ಲ, ಬಲಗಡೆ ಇಡೀ ಅಂಗೈ ಹೋಗುತ್ತಿತ್ತು. ಸ್ಟಾರ್ಟ್ ಮಾಡಿದ ಮೇಲೆ ಚೀಲಗಳಿಗೆ ಗಾಳಿ ತುಂಬುವ ಕಂಪ್ರೆಸರ್ ಗುಂಯ್ ಅಂತ ಶುರುವಾಗಿದ್ದು ನಿಲ್ಲಲೇ ಇಲ್ಲ.

ಉದ್ಯಮಬಾಗದ ಮೆಕ್ಯಾನಿಕ್ ಕಾಕಾ ಬಿಡಿಸಿ ಹೇಳಿದರು. ಸಸ್ಪೆನ್ಶನ್ನಿನ ರಬ್ಬರ್ ಚೀಲ ಸೀಳಿದರೆ ನಿಂತಲ್ಲೇ ಗಾಳಿ ಸೋರಿ ಕಾರು ಕುಸಿಯುತ್ತದೆ. ಅದನ್ನು ತುಂಬಿಸೋಕೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ, ಕೊನೆಗೆ ಅದೂ ಸುಟ್ಟುಹೋಗುತ್ತದೆ. ಸ್ಕ್ಯಾನರ್ ಹಾಕಿದಾಗ ಗೇರ್‌ಬಾಕ್ಸಿನ ಎರರ್ ಕೋಡ್ ಕೂಡ ಬಂತು. ಎಲ್ಲ ಸೇರಿ 3 ಲಕ್ಷದ ಹತ್ತಿರ ಲೆಕ್ಕ ಕೊಟ್ಟರು, ಅದೂ ಗೇರ್‌ಬಾಕ್ಸ್ ಬಿಚ್ಚದೇ. "ಕಾರಿನ ರೇಟು ಇಳಿದೈತಿ, ಪಾರ್ಟಿನ ರೇಟು ಇಳಿದಿಲ್ಲಪ್ಪಾ" ಎಂದರು. ನನಗೆ ಇದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಹೊಸದರಲ್ಲಿ ಅರ್ಧ ಕೋಟಿ ಬಾಳಿದ ಕಾರಿನ ಪಾರ್ಟಿಗೆ ಇವತ್ತೂ ಆ ಮಟ್ಟದ್ದೇ ಬೆಲೆ. ಮೇಲೆ 2027ಕ್ಕೆ 15 ವರ್ಷ ತುಂಬಿ ಆರ್‌ಸಿ ರಿನ್ಯೂ ಬೇರೆ ಮಾಡಿಸಬೇಕಿತ್ತು.

ಬೇಜಾರಾಯಿತು ನಿಜ. ಹುಬ್ಬಳ್ಳಿ ಆಸ್ಪತ್ರೆಗೆ ಅಪ್ಪನನ್ನು ಅದರಲ್ಲಿ ಆರಾಮಾಗಿ ಕರೆದೊಯ್ಯಬೇಕು ಅಂತಿತ್ತು. ಈಗ 2019ರ ಪೆಟ್ರೋಲ್ ಸೆಡಾನ್ ಒಂದನ್ನು ನೋಡಿದ್ದೇನೆ. ಸಾದಾ ಸ್ಪ್ರಿಂಗ್ ಸಸ್ಪೆನ್ಶನ್, ಸರ್ವಿಸ್ ದಾಖಲೆ ಪೂರ್ತಿ ಇದೆ. ಶನಿವಾರ ಅಪ್ಪನನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿ ಓಡಿಸಿ ನೋಡುತ್ತೇನೆ.