ಗಾಂಜಾ ತೆರಿಗೆ, ಹಳೆ ಕೇಸು, ಅಂಗಡಿ ಲೈಸೆನ್ಸ್: ಇಲಿನಾಯ್ ವಕೀಲೆಗೆ ನಿಮ್ಮ ಪ್ರಶ್ನೆಗಳು

(ನಮ್ಮ ಗುಂಪಿನ ಸದಸ್ಯೆಯೊಬ್ಬರು ಅಮೆರಿಕದ ಇಲಿನಾಯ್ ರಾಜ್ಯದ ಶಿಕಾಗೋದಲ್ಲಿ ಉಚಿತ ಕಾನೂನು ನೆರವು ಕೊಡುವ ಸಂಸ್ಥೆಯಲ್ಲಿ ವಕೀಲೆ. ಈ ವಾರದ ಉತ್ತರಗಳು ಅವರದ್ದು.)

ಪ್ರಶ್ನೆ: ಮೇಡಂ, ನಾವು ನೇಪರ್‌ವಿಲ್‌ನಲ್ಲಿದ್ದೇವೆ. ಇಲ್ಲಿ ಗಾಂಜಾ ಮೇಲೆ ಸಿಕ್ಕಾಪಟ್ಟೆ ತೆರಿಗೆ. ಅದರಲ್ಲಿ ಕಾಲು ಭಾಗ ಕೆಲವೇ ಏರಿಯಾಗಳಿಗೆ ಹೋಗುತ್ತದಂತೆ, ನಿಜವಾ?

ಉತ್ತರ: ನಿಜ. 2019ರ ಜೂನ್‌ನಲ್ಲಿ ಗವರ್ನರ್ ಪ್ರಿಟ್ಸ್‌ಕರ್ ಸಹಿ ಹಾಕಿದ, ರಾಜ್ಯದಲ್ಲಿ ಗಾಂಜಾವನ್ನು ಕಾನೂನುಬದ್ಧ ಮಾಡಿದ ಕಾನೂನಿನಲ್ಲೇ ಹಾಗೆ ಬರೆದಿದೆ. ಆಡಳಿತದ ಖರ್ಚು ಕಳೆದು ಉಳಿದ ಹಣದಲ್ಲಿ ಶೇ. 25 ಇಂಥ ಏರಿಯಾಗಳಿಗೆ ನೆರವಾಗುವ ‘ಆರ್‌3’ ಎಂಬ ಯೋಜನೆಗೆ. ಇನ್ನು ಶೇ. 20 ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಗೆ. ದೊಡ್ಡ ಪಾಲು, ಅಂದರೆ ಶೇ. 35, ರಾಜ್ಯದ ಸಾಮಾನ್ಯ ಬೊಕ್ಕಸಕ್ಕೇ ಹೋಗುತ್ತದೆ.

ಏರಿಯಾಗಳನ್ನು ಯಾರೋ ಕೂತು ಇಷ್ಟ ಬಂದಂತೆ ಆರಿಸಿದ್ದಲ್ಲ. ಗುಂಡೇಟಿನ ಗಾಯ, ನಿರುದ್ಯೋಗ, ಮಕ್ಕಳ ಬಡತನ, ಜೈಲಿಗೆ ಹೋದವರ ಪ್ರಮಾಣ ಇವನ್ನೆಲ್ಲ ನೋಡಿ ಗುರುತಿಸುತ್ತಾರೆ. ಕಪ್ಪು ಜನರು ಹೆಚ್ಚಾಗಿರುವ ಶಿಕಾಗೋದ ದಕ್ಷಿಣ ಮತ್ತು ಪಶ್ಚಿಮ ಭಾಗದ ಬಡಾವಣೆಗಳು ಅದರಲ್ಲಿ ಜಾಸ್ತಿ. 2021ರ ಮೊದಲ ಸುತ್ತಿನಲ್ಲಿ 3.15 ಕೋಟಿ ಡಾಲರ್ ಹಂಚಿದರು. ಹಣ ಹೋಗುವುದು ಸಂಸ್ಥೆಗಳಿಗೆ, ಮನೆಮನೆಗೆ ಚೆಕ್ ಬರುವುದಿಲ್ಲ. ಹುಡುಗರ ತರಬೇತಿ, ಹಿಂಸೆ ತಡೆಯುವ ಕೆಲಸ, ಜೈಲಿನಿಂದ ಬಂದವರಿಗೆ ನೆರವು, ಉಚಿತ ವಕೀಲರು, ಇಂಥವಕ್ಕೆ.

ಪ್ರಶ್ನೆ: ತಪ್ಪು ತಿಳಿಯಬೇಡಿ. ಗಾಂಜಾ ಎಲ್ಲ ಜನಾಂಗದವರೂ ಸೇದುತ್ತಾರೆ. ಕಪ್ಪು ಜನರ ಹೆಸರಲ್ಲೇ ಯಾಕೆ ಇಷ್ಟೆಲ್ಲ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಸೇದುವವರ ಪ್ರಮಾಣ ಕಪ್ಪು ಜನರಲ್ಲೂ ಬಿಳಿಯರಲ್ಲೂ ಹೆಚ್ಚುಕಮ್ಮಿ ಒಂದೇ. ಆದರೆ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಗಾಂಜಾ ಇಟ್ಟುಕೊಂಡಿದ್ದಕ್ಕೆ ಕಪ್ಪು ಜನರು ಬಂಧನಕ್ಕೆ ಒಳಗಾಗುವ ಸಂಭವ ಬಿಳಿಯರಿಗಿಂತ 3.6 ಪಟ್ಟು ಜಾಸ್ತಿ. ಕಾಲೇಜು ಹಾಸ್ಟೆಲ್‌ನ ಕೋಣೆಗೆ ಪೊಲೀಸರು ನುಗ್ಗುವುದು ಅಪರೂಪ. ಬೀದಿಯಲ್ಲಿ ನಿಂತ ಹುಡುಗನ ಜೇಬು ತಡಕುವುದು ಸುಲಭ, ಅಲ್ವಾ? ಇನ್ನೊಂದು ಮಾತು: ಆರ್‌3 ಲೆಕ್ಕ ಬಡಾವಣೆಯದ್ದು. ಅಲ್ಲಿ ಇರುವವರು ಯಾವ ಜನಾಂಗದವರಾದರೂ ಸೇವೆ ಸಿಗುತ್ತದೆ.

ಪ್ರಶ್ನೆ: ಹಳೆ ಕೇಸುಗಳು ತಾನಾಗಿಯೇ ಅಳಿಸಿ ಹೋಗುತ್ತವಾ?

ಉತ್ತರ: ಕೆಲವು ಮಾತ್ರ. 30 ಗ್ರಾಂವರೆಗಿನ, ಹಿಂಸೆ ಇಲ್ಲದ ಕೇಸುಗಳ ಬಂಧನದ ದಾಖಲೆಯನ್ನು ಸರ್ಕಾರವೇ ಅಳಿಸಬೇಕು. 2020ರ ಕೊನೆಗೆ ಹೀಗೆ ಸುಮಾರು 5 ಲಕ್ಷ ದಾಖಲೆಗಳು ರಾಜ್ಯ ಪೊಲೀಸರ ಕಡತದಿಂದ ಹೋದವು. ಶಿಕ್ಷೆಯೇ ಆಗಿದ್ದವರಿಗೆ ಗವರ್ನರ್ ಕ್ಷಮಾದಾನ ಕೊಡುವ ದಾರಿ ಇದೆ, ಸಾವಿರಾರು ಜನರಿಗೆ ಸಿಕ್ಕಿದೆ. 30ರಿಂದ 500 ಗ್ರಾಂವರೆಗಿನ ಕೇಸು ತಾನಾಗಿಯೇ ಹೋಗುವುದಿಲ್ಲ. ಕೋರ್ಟಿಗೆ ಅರ್ಜಿ ಹಾಕಬೇಕು. ಅಲ್ಲಿಗೆ ನಮ್ಮಂಥವರು ಬೇಕಾಗುತ್ತದೆ.

ನನ್ನನ್ನು ಕೇಳಿದರೆ ಇಡೀ ಕಾನೂನಿನಲ್ಲಿ ಹೆಚ್ಚು ಜನರಿಗೆ ಉಪಯೋಗವಾದದ್ದು ಇದೇ. ಹತ್ತು-ಹದಿನೈದು ವರ್ಷ ಹಳೆಯ ಒಂದು ಸಣ್ಣ ಕೇಸಿನಿಂದ ಬಾಡಿಗೆ ಮನೆ ತಪ್ಪುತ್ತದೆ, ಕೆಲಸ ತಪ್ಪುತ್ತದೆ. ಆದರೆ ಒಂದು ಕಿರಿಕಿರಿ ಇದೆ. ಖಾಸಗಿ ಬ್ಯಾಕ್‌ಗ್ರೌಂಡ್ ಚೆಕ್ ಕಂಪನಿಗಳ ಹತ್ತಿರ ಹಳೆ ಮಾಹಿತಿ ಹಾಗೇ ಉಳಿದಿರಬಹುದು. ಕೋರ್ಟ್ ಆದೇಶದ ಪ್ರತಿ ಸಿಕ್ಕಿದ ದಿನವೇ ಭದ್ರವಾಗಿ ಇಟ್ಟುಕೊಳ್ಳಿ. ಮುಂದೆ ಯಾರಾದರೂ ತಕರಾರು ತೆಗೆದರೆ ಅದೇ ಕೈಹಿಡಿಯುವುದು.

ಪ್ರಶ್ನೆ: ಗಾಂಜಾ ಕೇಸುಗಳಿಂದ ತೊಂದರೆ ಅನುಭವಿಸಿದವರಿಗೆ ಗಾಂಜಾ ಅಂಗಡಿ ಲೈಸೆನ್ಸ್‌ನಲ್ಲೂ ಆದ್ಯತೆ ಅಂದಿದ್ದರು. ಅದೇನಾಯಿತು?

ಉತ್ತರ: ಅಲ್ಲೇ ಎಡವಿದ್ದು. ಆಗಲೇ ಔಷಧಿಯ ಗಾಂಜಾ ಮಾರುತ್ತಿದ್ದ ಕಂಪನಿಗಳು 2020ರ ಜನವರಿ 1ರಂದೇ ಎಲ್ಲರಿಗೂ ಮಾರಲು ಶುರು ಮಾಡಿದವು. ಹೊಸಬರಿಗೆ ಇಟ್ಟಿದ್ದ 75 ಲೈಸೆನ್ಸ್‌ಗಳಿಗೆ ಅಂಕ ಕೊಟ್ಟು ಅರ್ಜಿ ಆರಿಸಿದರು. ಕಡೆಯ ಪಟ್ಟಿಗೆ ಪೂರ್ತಿ ಅಂಕ ಪಡೆದ 21 ಅರ್ಜಿದಾರರಷ್ಟೇ ಬಂದರು. ಗಲಾಟೆಯಾಯಿತು. 2021ರಲ್ಲಿ ಕಾನೂನು ತಿದ್ದಿ ಒಟ್ಟು 185 ಲೈಸೆನ್ಸ್‌ಗಳಿಗೆ ಲಾಟರಿ ಎತ್ತಿದರು. ಆಮೇಲೆ ಕೋರ್ಟ್ ತಡೆ. ಮೊದಲ ಅಂಗಡಿಗಳು ತೆರೆದದ್ದು 2022ರ ಕೊನೆಗೆ. ಅಷ್ಟರಲ್ಲಿ ದೊಡ್ಡವರು ಮಾರುಕಟ್ಟೆ ಹಿಡಿದಾಗಿತ್ತು. ಗಾಂಜಾವನ್ನು ಅಪರಾಧ ಎನ್ನುವ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಿನ ಭಯಕ್ಕೆ ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕುತ್ತವೆ. ಕೈಯಲ್ಲಿ ಲೈಸೆನ್ಸ್ ಇದ್ದು ಬಂಡವಾಳ ಇಲ್ಲದಿದ್ದರೆ ಏನು ಮಾಡುವುದು? ಅಂಕ ಕೊಟ್ಟರು, ದುಡ್ಡಿನ ದಾರಿ ಸಮಯಕ್ಕೆ ತೋರಿಸಲಿಲ್ಲ.

ಪ್ರಶ್ನೆ: ಶಿಕಾಗೋ ಪಕ್ಕದ ಎವನ್‌ಸ್ಟನ್‌ನಲ್ಲಿ ಕಪ್ಪು ಜನರಿಗೆ ನೇರ ಪರಿಹಾರ ಕೊಡುತ್ತಾರಂತಲ್ಲ?

ಉತ್ತರ: ಅದು ಆ ಊರಿನದ್ದೇ ಬೇರೆ ಯೋಜನೆ. ಊರಿನ ಶೇ. 3 ಗಾಂಜಾ ತೆರಿಗೆಯಿಂದ ಶುರುವಾಯಿತು. 1919ರಿಂದ 1969ರ ನಡುವೆ ಅಲ್ಲಿದ್ದ ಕಪ್ಪು ಜನರಿಗೆ ಮತ್ತು ಅವರ ಮಕ್ಕಳು, ಮೊಮ್ಮಕ್ಕಳಿಗೆ ಮನೆಯ ಸಲುವಾಗಿ 25,000 ಡಾಲರ್. ಆ ಕಾಲದಲ್ಲಿ ವಸತಿಯಲ್ಲಿ ಆದ ಭೇದಭಾವಕ್ಕೆ ಪರಿಹಾರ. ಗಾಂಜಾ ತೆರಿಗೆ ಸಾಲದೆ ಆಮೇಲೆ ಆಸ್ತಿ ವರ್ಗಾವಣೆ ತೆರಿಗೆಯನ್ನೂ ಸೇರಿಸಿದರು.

ಪ್ರಶ್ನೆ: ಅಕ್ಕಾ, ನನ್ನದು ಗ್ರೀನ್ ಕಾರ್ಡ್. ಸ್ನೇಹಿತರೊಬ್ಬರು ಇಂಥ ಅಂಗಡಿಯಲ್ಲಿ ಪಾಲು ತಗೋ ಅಂತಿದ್ದಾರೆ. ಒಳ್ಳೇ ಕೆಲಸಕ್ಕೆ ಸಹಾಯವೂ ಆಗುತ್ತದೆ.

ಉತ್ತರ: ಸದ್ಯಕ್ಕೆ ಬೇಡಪ್ಪ. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಉದ್ಯಮದ ಕೆಲಸ ಪೌರತ್ವದ ಅರ್ಜಿಗೆ ಅಡ್ಡ ಬರಬಹುದು ಎಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲೇ ಹೇಳಿದೆ. ಇನ್ನೊಂದು ವಿಷಯ ನಮ್ಮವರಿಗೆ ಗೊತ್ತೇ ಇರುವುದಿಲ್ಲ. ಇಲ್ಲಿನ ಕೋರ್ಟ್ ಅಳಿಸಿದ ಕೇಸು ಸಾಮಾನ್ಯವಾಗಿ ವಲಸೆ ಕಾನೂನಿನ ಕಣ್ಣಲ್ಲಿ ಅಳಿಸಿರುವುದಿಲ್ಲ. ಹಳೆ ಕೇಸು ಇದ್ದರೆ ಯಾವ ಫಾರ್ಮ್‌ನಲ್ಲೂ ‘ಇಲ್ಲ’ ಅಂತ ಬರೆಯುವ ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ. ಸಹಾಯ ಮಾಡುವ ಮನಸ್ಸಿದ್ದರೆ ಆರ್‌3 ಹಣದಲ್ಲಿ ನಡೆಯುವ ಯಾವುದಾದರೂ ಸಂಸ್ಥೆಯ ಲೆಕ್ಕಪತ್ರ ನೋಡಿಕೊಡಿ. ಸಣ್ಣ ಸಂಸ್ಥೆಗಳು ಸರ್ಕಾರಿ ರಿಪೋರ್ಟ್ ಬರೆಯುವುದರಲ್ಲೇ ಸುಸ್ತಾಗಿರುತ್ತವೆ. ನೀವು ಅಕೌಂಟ್ಸ್‌ನವರಲ್ವಾ?